ಜಿನ್ನುಗಳ ಸಾಲು

ನಮ್ಮೂರಿನ ಮಸೀದಿಯ ಅಂಗಳದ ಕಲ್ಲಿನ ತೊಟ್ಟಿ, ಹೌಜು, ವಾರಕ್ಕೊಮ್ಮೆ, ಶುಕ್ರವಾರ ಮಾತ್ರ, ತಾನಾಗಿ ತುಂಬುತ್ತದೆ. ಉಳಿದ ಆರು ದಿನ ಗೋಡೆಯ ನಲ್ಲಿಗಳೇ ಗತಿ. ಹೌಜಿನ ತಳದಲ್ಲಿ ಪಾರಿವಾಳಗಳು ಓಡಾಡಿಕೊಂಡಿರುತ್ತವೆ. ಶುಕ್ರವಾರ ಬೆಳಕು ಹರಿದದ್ದೇ ಕಲ್ಲಿನ ಸಂದಿಯಿಂದ ನೀರು ಒಸರಲು ಶುರುವಾಗುತ್ತದೆ, ಮಧ್ಯಾಹ್ನ ಜುಮ್ಮಾ ನಮಾಜಿನ ಬಾಂಗು ಕೂಗಿದೊಡನೆ ನಿಲ್ಲುತ್ತದೆ. ಎಷ್ಟು ಬರುತ್ತದೆ ಎಂದರೆ, ಇವತ್ತು ನಮಾಜಿಗೆ ಹೋಗಿಯೇ ತೀರುತ್ತೇನೆ ಎಂದು ಎಷ್ಟು ಜನ ಗಟ್ಟಿ ಮನಸ್ಸು ಮಾಡಿದ್ದಾರೋ ಅಷ್ಟು ತಂಬಿಗೆ. ಒಬ್ಬರಿಗೆ ಒಂದು ತಂಬಿಗೆ, ಕೈ ಬಾಯಿ ಮುಖ ಕಾಲು ತೊಳೆದು ವಜೂ ಮುಗಿಸಲು ಸಾಕಾಗುವಷ್ಟು. ಬೇರೆ ಊರಿನವರು ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೆ ಇದರಲ್ಲಿ ಏನೂ ವಿಶೇಷವಿಲ್ಲ. ನಿಮ್ಮೂರಿನಲ್ಲಿ ನಲ್ಲಿ ಎರಡು ದಿನಕ್ಕೊಮ್ಮೆ ಬಂದ ಹಾಗೆ ನಮ್ಮೂರಿನಲ್ಲಿ ಇದು.

ಊರು ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದನ್ನು ಕಲಿತಿದೆ. ಚಹಾದಂಗಡಿಯ ರುದ್ರಯ್ಯ ಹತ್ತು ಗಂಟೆಗೆ ಮಸೀದಿಯ ಬಾಗಿಲಲ್ಲಿ ಇಣುಕಿ, ಹೌಜಿನಲ್ಲಿ ನೀರೆಷ್ಟಿದೆ ನೋಡಿಕೊಂಡು, ಎಷ್ಟು ಲೀಟರ್ ಹಾಲು ಕಾಯಿಸಬೇಕೆಂದು ತೀರ್ಮಾನಿಸುತ್ತಾನೆ. ನೆಂಟರು ಬರುವ ವಾರ ಬಸ್ಸಿಗಿಂತ ಮೊದಲು ನೀರೇ ಸುದ್ದಿ ಕೊಡುತ್ತದೆ. ಮನಸ್ಸಿಲ್ಲದೆ ಹೆಂಡತಿಯ ಕಾಟಕ್ಕೆ ಎದ್ದು ಬಂದವನು ಹೌಜಿನಲ್ಲಿ ಎಷ್ಟು ಸಲ ಅದ್ದಿದರೂ ತಂಬಿಗೆ ಖಾಲಿಯೇ ಮೇಲೆ ಬರುತ್ತದೆ, ಅಂಗಳದಲ್ಲಿದ್ದವರೆಲ್ಲ ಮೀಸೆಯಡಿ ನಗುತ್ತಾರೆ. ಸೈಕಲ್ ಅಂಗಡಿಯ ಮೌಲಾಲಿಗೆ ಒಂದು ಸಲ ಸಾಲಾಗಿ ಆರು ವಾರ ನೀರು ಸಿಗಲಿಲ್ಲ. ಇವತ್ತಿಗೂ ಅವನ ಹೆಸರು ಒಣಮೌಲಾಲಿ. ಜುಮ್ಮಾ ಮುಗಿಯುವ ಮೊದಲು ಆ ನೀರನ್ನು ವಜೂಗಲ್ಲದೆ ಬೇರೆಯದಕ್ಕೆ ಮುಟ್ಟುವಂತಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಯಾರೋ ಎರಡು ಕೊಡ ತೆಗೆದು ಗೋಡೆಯ ಗಾರೆ ಕಲಸಿದರಂತೆ. ಏಳು ಶುಕ್ರವಾರ ಹೌಜು ಒಣಗಿಕೊಂಡೇ ಇತ್ತಂತೆ.

ಇಷ್ಟೆಲ್ಲ ಲೆಕ್ಕಾಚಾರದ ಹೌಜಿನಲ್ಲಿ ಗಂಡಸರೆಲ್ಲ ವಜೂ ಮಾಡಿ ಒಳಗೆ ಹೋದ ಮೇಲೂ ನೀರು ಉಳಿಯುತ್ತಿತ್ತು. ಒಂದು ವಾರ ಐವತ್ತು ತಂಬಿಗೆ, ಇನ್ನೊಂದು ವಾರ ಎಪ್ಪತ್ತು. ತಲೆಮಾರುಗಳಿಂದ ಉಳಿಯುತ್ತಿತ್ತು. ದೊಡ್ಡವರು ಬಹಳ ಹಿಂದೆಯೇ ಅದಕ್ಕೊಂದು ಉತ್ತರ ಕಂಡುಕೊಂಡಿದ್ದರು: ಅದು ಜಿನ್ನುಗಳ ನೀರು. ಕಣ್ಣಿಗೆ ಕಾಣದ ಜಿನ್ನುಗಳೂ ದೇವರ ಸೃಷ್ಟಿಯೇ, ಅವೂ ನಮಾಜು ಮಾಡುತ್ತವೆ, ನಮ್ಮ ಮಸೀದಿಗೇ ಬರುತ್ತವೆ. ಹಾಗಾಗಿ ಒಳಗೆ ಕೊನೆಯ ಸಾಲನ್ನು ಜಿನ್ನುಗಳಿಗೆಂದು ಬಿಟ್ಟುಕೊಡುವುದು ಊರಿನ ಪದ್ಧತಿಯಾಯಿತು. ಗೋಡೆಯಿಂದ ಗೋಡೆಗೆ ಒಳ್ಳೆಯ ಚಾಪೆ, ಎರಡೂ ತುದಿಗೆ ಲೋಬಾನದ ಹೊಗೆ. ಎಂಥ ನೂಕುನುಗ್ಗಲಿದ್ದರೂ ಒಬ್ಬ ಗಂಡಸೂ ಆ ಚಾಪೆ ತುಳಿಯುತ್ತಿರಲಿಲ್ಲ. ಉಳಿದ ನೀರನ್ನು ಸಂಜೆ ದಾಳಿಂಬೆ ಗಿಡಕ್ಕೆ ಹಾಕುತ್ತಿದ್ದರು.

ನಾನು ಮೆಹತಾಬಿ. ಮಸೀದಿಯ ಎದುರಿನ ಬ್ಲೌಸ್ ಹೊಲಿಯುವ ಅಂಗಡಿ ನನ್ನದು. ಅಂಗಡಿಗೂ ಮಸೀದಿಯ ಬಾಗಿಲಿಗೂ ನಡುವೆ ಹನ್ನೊಂದು ಹೆಜ್ಜೆ. ಹದಿನೆಂಟು ವರ್ಷ ಬಾಂಗು ನನ್ನ ಮಿಷನ್ನಿನ ಮೇಲೇ ಬಿದ್ದ ಹಾಗೆ ಕೇಳಿಸಿದೆ. ಕೇಳಿಸಿದೊಡನೆ ನನ್ನ ಸುತ್ತಲಿನ ಗಂಡಸರೆಲ್ಲ ಎದ್ದು ಹೋಗಿ, ಹತ್ತು ನಿಮಿಷದಲ್ಲಿ ಮುಖ ಅರಳಿಸಿಕೊಂಡು ಬರುತ್ತಿದ್ದರು. ನಾನು ಇಸ್ತ್ರಿ ಮೇಜಿಗೂ ಬಟ್ಟೆಯ ಗಂಟುಗಳಿಗೂ ನಡುವಿನ ಸಂದಿಯಲ್ಲಿ ನಮಾಜಿನ ಚಾಪೆ ಜಾನಮಾಜನ್ನು ಮಡಿಸಿ ಹಾಸಿಕೊಂಡು, ಸಜ್ದಾಕ್ಕೆ ಬಾಗಿದರೆ ತಲೆ ಮಿಷನ್ನಿಗೆ ಬಡಿಯದಂತೆ ಎಚ್ಚರವಾಗಿದ್ದು, ಹೊರಗೆ ಯಾರೋ "ಅಕ್ಕಾರ, ತೋಳು ಬಿಗಿ ಆಗ್ಯಾವ್ರಿ" ಎಂದು ಕೂಗುತ್ತಿರುವಾಗ ನಮಾಜು ಮುಗಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಎಷ್ಟೋ ಸಲ ಅದೂ ತಪ್ಪಿ ಹೋಗುತ್ತಿತ್ತು. ಮನೆಗೆ ಹೋಗಿ ಮಾಡೋಣವೆಂದರೆ ಮನೆ ಊರಾಚೆ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಬಾಂಗು ಕೇಳಿದಾಗ ಎದ್ದು, ಹನ್ನೊಂದು ಹೆಜ್ಜೆ ನಡೆದು, ಒಂದು ಸಾಲಿನಲ್ಲಿ ನಿಲ್ಲಬೇಕು. ಅಷ್ಟೇ.

ನಾಲ್ಕು ವರ್ಷದ ಹಿಂದೆ ಒಮ್ಮೆ ಬಾಯಿ ಬಿಟ್ಟು ಕೇಳಿದ್ದೆ. ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಹಾಜಿ ಲಾಲಸಾಬರು ಕೆಟ್ಟವರೇನಲ್ಲ. ಬಡವರ ಮನೆಯ ಮದುವೆಗೆ ಮುಂದೆ ನಿಲ್ಲುವವರು. ಆದರೆ ಮಸೀದಿಯ ವಿಷಯ ಬಂದರೆ ಎಲ್ಲವೂ ತಮ್ಮ ಅಜ್ಜನ ಕಾಲದಲ್ಲಿ ಇದ್ದ ಹಾಗೇ ಇರಬೇಕು.

"ನಾ ಯಾರವಾ ಬ್ಯಾಡ ಅನ್ನಾಕ?" ಎಂದಿದ್ದರು. "ಮೆಕ್ಕಾದಾಗ ಹೆಂಗಸರು ಹೊಕ್ಕಾರ, ಮದೀನಾದಾಗ ಹೊಕ್ಕಾರ, ನಾನಾ ಕಣ್ಣಾರೆ ನೋಡೇನಿ. ಆದ್ರ ನಮ್ಮೂರ ಹೌಜು ನೋಡು. ಬರೋರಿಗೆಲ್ಲ ನೀರು ಕಳಸ್ತೈತಿ. ಗಂಡಸರಿಗೆ ಕಳಸ್ತೈತಿ, ಜಿನ್ನುಗೋಳಿಗೆ ಕಳಸ್ತೈತಿ. ನಿಮಗ ಒಂದ್ ತಂಬಿಗಿ ಕಳಸೇತೇನು? ಕಳಿಸಿದ್ ದಿನ ಬರ್ರಿ."

ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಯಿತು. ಬಂದು ಮಿಷನ್ನಿನ ಮುಂದೆ ಕೂತೆ. ಅವತ್ತು ಹೊಲಿದ ಒಂದು ಹೊಲಿಗೆಯೂ ನೇರವಾಗಲಿಲ್ಲ.

ಬಾಂಗು ಕೂಗುವ ದಸ್ತಗೀರ್ ಚಾಚಾ ಪ್ರತಿ ಶನಿವಾರ ನನ್ನ ಅಂಗಡಿಗೆ ಬರುತ್ತಿದ್ದರು. ಒಂಟಿ ಮುದುಕ, ಅಂಗಿಯ ಗುಂಡಿ ಕಿತ್ತಿರುವುದು ನೆಪ, ಮಾತಾಡಲು ಜನ ಬೇಕು. ಹೌಜಿನ ಉಳಿದ ನೀರನ್ನು ತಂಬಿಗೆಯಲ್ಲಿ ಅಳೆದು ಗಿಡಕ್ಕೆ ಹಾಕುವುದು ಅವರ ಕೆಲಸ. ಜಿನ್ನುಗಳ ಮೇಲೆ ಅವರದು ಮುಗಿಯದ ದೂರು.

"ಲೆಕ್ಕಾನ ಹತ್ತೂದಿಲ್ಲ ಬೇಟಿ. ಹ್ವಾದ ವಾರ ಎಪ್ಪತ್ತೊಂದು, ಈ ವಾರ ಐವತ್ತೆಂಟು. ಗಂಡಸರು ಆದ್ರ ಜಡ್ಡು, ಊರಿಗೆ ಹ್ವಾದ, ಮಳಿ ಬಂತು ಅಂತ ಕಾರಣ ಇರ್ತಾವು. ಜಿನ್ನಿಗೆ ಏನ್ ಜಡ್ಡು? ಪ್ರತಿಯೊಂದು ವಾರ ಹತ್ತು ಹದಿನೈದು ಮಂದಿ ಕಡಿಮಿ ಆಗೇ ಆಗ್ತಾವು. ಒಂದ್ ವಾರ ಇವು, ಇನ್ನೊಂದ್ ವಾರ ಅವು. ಪಾಳಿ ಹಚ್ಚಿ ರಜಾ ಹಾಕಿಧಂಗ."

ನಾನು ಹೂಂಗುಟ್ಟಿ ಗುಂಡಿ ಹಚ್ಚಿ ಕಳಿಸುತ್ತಿದ್ದೆ. ಎಷ್ಟೋ ವರ್ಷ ಕೇಳಿದ ಮಾತು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋಗುತ್ತಿತ್ತು.

ಈ ವರ್ಷ ಮದುವೆಯ ಕಾಲದಲ್ಲಿ ಸುಣ್ಣಗಾರ ಓಣಿಯ ಹುಡುಗಿಯೊಬ್ಬಳ ಮದುವೆ ಪಕ್ಕದೂರಿನಲ್ಲಿ ಗೊತ್ತಾಯಿತು. ಗುರುವಾರ ಹಳದಿ, ಶುಕ್ರವಾರ ಮೆಹಂದಿ. ನಮ್ಮ ಹೆಂಗಸರೆಲ್ಲ ಹತ್ತು ಟೆಂಪೋ ತುಂಬಿಕೊಂಡು ಹಾಡುತ್ತ ಹೋದರು. ಗಂಡಸರು ಶನಿವಾರದ ನಿಕಾಹಿಗೆ ಹೋದರೆ ಸಾಕೆಂದು ಊರಲ್ಲೇ ಉಳಿದರು. ನಾನು ಹೋಗಲಿಲ್ಲ; ಮದುವಣಗಿತ್ತಿಯ ಮೂರು ಬ್ಲೌಸಿಗೆ ಇನ್ನೂ ಕೊಕ್ಕೆ ಹಚ್ಚುವುದಿತ್ತು. ಶನಿವಾರ ದಸ್ತಗೀರ್ ಚಾಚಾ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಜಿನ್ನುಗೋಳು ಸಿಟ್ಟಾಗ್ಯಾವು ಬೇಟಿ. ನಿನ್ನಿ ಬರೇ ಮೂರು ತಂಬಿಗಿ. ನನ್ನ ಜೀವಮಾನದಾಗ ಹಿಂಗಾಗಿಲ್ಲ. ಹಾಜಿಸಾಬ್ರು ದೀಡ್ ಕಿಲೋ ಲೋಬಾನ ತರಿಸ್ಯಾರ, ಮಸೂತಿ ತುಂಬ ಹೊಗಿ."

"ಮೂರೇ?" ಎಂದೆ.

"ಮೂರಾ. ಎರಡ ಸಲ ಅಳದೇನಿ."

ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಆ ಶುಕ್ರವಾರ ಊರಿನಲ್ಲಿ ಉಳಿದ ನಮ್ಮ ಹೆಂಗಸರು ಯಾರು ಯಾರು? ನಾನು. ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ ಬಳೆಗಾರ್ತಿ ಜೈತೂನಬಿ. ಮತ್ತೆ ಹಾಜಿ ಲಾಲಸಾಬರ ತಾಯಿ, ಎಂಬತ್ತೆರಡು ವರ್ಷದ ಮಾಸುಮಬಿ. ಊರೆಲ್ಲ ಅವರನ್ನು ಬಡೇಮಾ ಎನ್ನುತ್ತದೆ, ಟೆಂಪೋ ಹತ್ತಲಾಗದೆ ಮನೆಯಲ್ಲಿದ್ದರು. ಒಂದು, ಎರಡು, ಮೂರು.

ಆಮೇಲೆ ನೆನಪಾಯಿತು. ಹದಿನೆಂಟು ವರ್ಷ, ಹೆಚ್ಚುಕಡಿಮೆ ಪ್ರತಿ ಶುಕ್ರವಾರ, ತಲೆಗೆ ನೀರು ಹಾಕಿಕೊಳ್ಳುವಾಗ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ: ಇವತ್ತು ಹೋಗೇಬಿಡ್ತೀನಿ. ಯಾರೇನು ಅಂದರೂ ಸರಿ, ಬಾಂಗು ಆದದ್ದೇ ರಸ್ತೆ ದಾಟೇಬಿಡ್ತೀನಿ. ಬಾಂಗು ಆಗುತ್ತಿತ್ತು, ಕಾಲು ಮಿಷನ್ನಿನ ಪೆಡಲಿಗೆ ಅಂಟಿಕೊಳ್ಳುತ್ತಿತ್ತು. ಆ ಹೊತ್ತಿಗೆ ನನ್ನ ನೀರು ಬಂದು ನನ್ನನ್ನು ಕಾಯುತ್ತಿತ್ತು. ಕಾದು ಕಾದು ಸಂಜೆ ದಾಳಿಂಬೆ ಗಿಡಕ್ಕೆ ಹೋಗುತ್ತಿತ್ತು. ನನಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಚಾಚಾ ಗಾಬರಿಯಾಗಿ ರುದ್ರಯ್ಯನ ಅಂಗಡಿಯಿಂದ ಚಹಾ ತಂದುಕೊಟ್ಟರು.

ಮದುವೆಯಿಂದ ಹೆಂಗಸರು ತಿರುಗಿ ಬಂದ ಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ಮೊದಮೊದಲು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನೋಡಿದರು. ಆಮೇಲೆ ಒಬ್ಬಳು ಮೆಲ್ಲಗೆ, "ನಾನೂ ಅನ್ಕೊಂತೀನಿ ಆಪಾ. ರೊಟ್ಟಿ ಬಡಿಯೋ ಮುಂದ" ಎಂದಳು. ಇನ್ನೊಬ್ಬಳು ಮಗುವಿಗೆ ಎಣ್ಣೆ ಹಚ್ಚುವಾಗ. ಶಾಲೆಯ ಟೀಚರ್ ಒಬ್ಬಳು ಹಾಜರಿ ತೆಗೆದುಕೊಳ್ಳುವಾಗ. ಜೈತೂನಬಿ ಮಂಚದ ಮೇಲೆ ಮಲಗಿ. ಒಬ್ಬರಿಗೊಬ್ಬರು ಹೇಳಿರಲಿಲ್ಲ, ಪ್ರತಿಯೊಬ್ಬಳೂ ತಾನೊಬ್ಬಳೇ ಎಂದು ತಿಳಿದಿದ್ದಳು. ಪ್ರತಿ ವಾರ ಹತ್ತು ಹದಿನೈದು ಜಿನ್ನುಗಳು ಪಾಳಿಯ ಮೇಲೆ ರಜೆ ಹಾಕುತ್ತವಂತೆ ಎಂದು ಚಾಚಾನ ದೂರು ಹೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು, ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಿಂಗಳ ಆ ದಿನಗಳಲ್ಲಿ ನಮಗೆ ನಮಾಜಿನಿಂದ ಬಿಡುವು. ಆ ವಾರ ನಾವು ಮನಸ್ಸು ಮಾಡುವುದಿಲ್ಲ, ನೀರೂ ಬರುವುದಿಲ್ಲ. ಊರಿನ ಗಂಡಸರು ತಲೆಮಾರುಗಳಿಂದ ಬಿಡಿಸಲಾಗದ ಲೆಕ್ಕವನ್ನು ಯಾವ ಹುಡುಗಿಯಾದರೂ ಬೆರಳೆಣಿಸಿ ಹೇಳಬಹುದಿತ್ತು. ಕೇಳಿದವರು ಯಾರು?

ದಸ್ತಗೀರ್ ಚಾಚಾನಿಗೆ ಹೇಳಿದೆ. "ನಾ ದಿನಾ ಆ ಚಾಪಿಗೆ ಸಲಾಂ ಹೇಳ್ತಿದ್ನೆಲ್ಲಾ ಬೇಟಿ, ನಿಮಗಾ ಹೇಳಿಧಂಗಾತು," ಎಂದು ಎದ್ದು ಸೀದಾ ಮುತವಲ್ಲಿಯ ಬಳಿ ಹೋದರು. ಹಾಜಿ ಲಾಲಸಾಬರು ನಕ್ಕುಬಿಟ್ಟರಂತೆ. ನಕ್ಕು ಹೇಳಿದ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು: "ಹೆಂಗಸರ ಮನಸಿಗೆ ಹೌಜು ತುಂಬೂದಾಗಿದ್ರ ಊರಾಗ ಹೊಳಿ ಹರೀಬೇಕಿತ್ತು."

ಸರಿ, ಹರಿಯಲಿ ಎಂದುಕೊಂಡೆ.

ಬ್ಲೌಸ್ ಹೊಲಿಯುವವಳ ಕೈಯಲ್ಲಿ ಎಂಥ ಶಕ್ತಿಯಿದೆ ಎಂದು ಗಂಡಸರಿಗೆ ಗೊತ್ತಿಲ್ಲ. ಟೇಪು ಎದೆಗೆ ಸುತ್ತಿ ಹಿಡಿದಿರುವಾಗ ಯಾವ ಹೆಂಗಸೂ ತಪ್ಪಿಸಿಕೊಂಡು ಓಡಲಾರಳು. ಎರಡು ವಾರ, ಅಳತೆ ಕೊಡಲು ಬಂದ ಪ್ರತಿಯೊಬ್ಬಳ ಕಿವಿಯಲ್ಲೂ ಒಂದೇ ಮಾತು ಹಾಕಿದೆ: ಈ ತಿಂಗಳ ಕೊನೆಯ ಶುಕ್ರವಾರ. ಸುಮ್ಮನೆ ಹಾರೈಸಿದರೆ ಸಾಲದು. ನೀರು ತರಿಸಿ ತಮಾಷೆ ನೋಡೋಣ ಎಂದುಕೊಂಡರೂ ಬರುವುದಿಲ್ಲ. ಹೌಜಿಗೆ ಸುಳ್ಳು ಗೊತ್ತಾಗುತ್ತದೆ. ನಿಜವಾಗಿಯೂ ಹೋಗುವವಳೇ ಮನಸ್ಸು ಮಾಡಬೇಕು. ಕೆಲವರು ಕಣ್ಣರಳಿಸಿದರು. ಕೆಲವರು "ನಮ್ಮ ಮನ್ಯಾಗ ಕಾಲು ಮುರೀತಾರ" ಎಂದರು. ಒಬ್ಬಳು ಸಿಟ್ಟಾಗಿ ಬಟ್ಟೆಯನ್ನೇ ವಾಪಸು ತೆಗೆದುಕೊಂಡು ಹೋದಳು. ಹೋಗಲಿ.

ಹೆದರಿಕೆ ನನಗೂ ಇತ್ತು, ಇರಲಿಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಗುರುವಾರ ಇಡೀ ದಿನ ಅದೇ ಯೋಚನೆ. ನೀರು ಬರದೇ ಹೋದರೆ? ಹೆಂಗಸರಿಗೆ ಮನಸ್ಸೇ ಇಲ್ಲ ಎಂದು ಹೌಜೇ ಸಾಕ್ಷಿ ಹೇಳಿದ ಹಾಗಾಗುತ್ತದೆ. ಆಮೇಲೆ ನನ್ನ ಮಗಳ ಮಗಳ ಕಾಲಕ್ಕೂ ಯಾರೂ ಆ ಬಾಗಿಲ ಮುಂದೆ ನಿಂತು ಕೇಳಲಾರರು. ನಾನೇ ಅವರ ಬಾಯಿಗೆ ಬೀಗ ಹಾಕಿದ ಹಾಗೆ.

ಶುಕ್ರವಾರ ಎಂಟು ಗಂಟೆಗೆ ಅಂಗಡಿ ತೆರೆದಾಗ ಪಕ್ಕದಲ್ಲಿ ಕಾಯಿಪಲ್ಲೆ ಮಾರುವ ನೀಲವ್ವ ತನ್ನ ಬುಟ್ಟಿಗಳನ್ನು ಕಟ್ಟೆಯ ಮೇಲೆ ಎತ್ತಿಡುತ್ತಿದ್ದಳು. "ಅಕ್ಕಾ, ನಿಮ್ಮ ಮಸೂತಿ ನಲ್ಲಿ ಒಡದೈತೇನ?" ಎಂದಳು. ಮಸೀದಿಯ ಹೊಸ್ತಿಲ ಕೆಳಗಿನಿಂದ ಬೆರಳಗಲದ ನೀರು ಹೊರಟು, ರಸ್ತೆ ದಾಟಿ, ನನ್ನ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಿತ್ತು. ಒಂಬತ್ತಕ್ಕೆ ಅದು ಅಂಗೈ ಅಗಲವಾಯಿತು. ಹತ್ತಕ್ಕೆ ರುದ್ರಯ್ಯ ಇಣುಕಿ ನೋಡಿ, ತಲೆ ತಿರುಗಿದವನ ಹಾಗೆ ಬಂದು, ಊರಲ್ಲಿದ್ದ ಹಾಲನ್ನೆಲ್ಲ ತರಿಸಲು ಹೇಳಿದ. ಹೌಜು ಉಕ್ಕಿ ಅಂಗಳದಲ್ಲಿ ಕಣಕಾಲು ಮುಳುಗುವಷ್ಟು ನೀರು ನಿಂತಿತ್ತು. ಬೆಳಿಗ್ಗೆ ಹೆದರಿಕೊಂಡು ಕೂತಿದ್ದವರು ನೀರಿನ ಸುದ್ದಿ ಕೇಳಿ ಈಗ ಮನಸ್ಸು ಮಾಡುತ್ತಿದ್ದರು. ಒಬ್ಬೊಬ್ಬಳು ಮನಸ್ಸು ಮಾಡಿದ ಹಾಗೂ ನೀರು ಇನ್ನಷ್ಟು ಏರುತ್ತಿತ್ತು. ಹನ್ನೊಂದೂವರೆಗೆ ಬಂದ ಗಂಡಸರು ಪೈಜಾಮ ಎತ್ತಿಕಟ್ಟಿಕೊಂಡು ವಜೂ ಮಾಡಿದರು. ಅವರ ಚಪ್ಪಲಿಗಳು ಒಂದರ ಹಿಂದೆ ಒಂದು ತೇಲುತ್ತ ಬಾಗಿಲು ದಾಟಿ ರಸ್ತೆಗೆ ಬಂದವು. ನೀಲವ್ವ ಬಗ್ಗಿ ಹಾಜಿ ಲಾಲಸಾಬರ ಹೊಸ ಚಪ್ಪಲಿಯನ್ನು ಎತ್ತಿ ಬದನೆಕಾಯಿಯ ಪಕ್ಕ ಇಟ್ಟಳು.

ಇನ್ನು ಮೂರು ಬೆರಳು ಏರಿದರೆ ನೀರು ಒಳಗೆ ಹೋಗಿ ಚಾಪೆಗಳೆಲ್ಲ ತೊಯ್ದು, ಯಾರೂ ನಮಾಜಿಗೆ ನಿಲ್ಲದ ಹಾಗಾಗುತ್ತಿತ್ತು. ಬಾಂಗಿಗೆ ಇನ್ನೂ ಅರ್ಧ ಗಂಟೆಯಿತ್ತು. ಹಾಜಿ ಲಾಲಸಾಬರು ಒಳಗಿನ ಮೆಟ್ಟಿಲ ಮೇಲೆ ನಿಂತು, "ಪೊರಕಿ ತೊಗೊಂಡು ಹೊರಗ ದಬ್ಬರಿ" ಎಂದು ಕೂಗುತ್ತಿದ್ದರು. ಒಬ್ಬರೂ ಕದಲಲಿಲ್ಲ. ಏಳು ಒಣ ಶುಕ್ರವಾರದ ಕಥೆಯನ್ನು ಎಲ್ಲರೂ ತೊಟ್ಟಿಲಲ್ಲೇ ಕೇಳಿದ್ದರು. ವಜೂ ಮಾಡದೆ ಆ ನೀರನ್ನು ಇಳಿಸುವ ದಾರಿಯಿರಲಿಲ್ಲ, ಗಂಡಸರ ವಜೂ ಎಲ್ಲ ಮುಗಿದಿತ್ತು.

ಇತ್ತ ರಸ್ತೆಯಲ್ಲಿ ನಾವು. ಒಂದು ಓಣಿಯಿಂದ ಐದು ಜನ, ಇನ್ನೊಂದರಿಂದ ಹತ್ತು ಜನ. ನೋಡುನೋಡುತ್ತ ನನ್ನ ಅಂಗಡಿಯಿಂದ ಬಸ್ ನಿಲ್ದಾಣದ ತನಕ ಹೆಂಗಸರು. ಬುರ್ಖಾದವರು, ದುಪಟ್ಟಾದವರು, ಸೀರೆಯ ಸೆರಗು ತಲೆಗೆ ಹೊದ್ದವರು, ಹೊಲದಿಂದ ಸೀದಾ ಬಂದವರು. ಜೈತೂನಬಿಯನ್ನು ಕುರ್ಚಿಯ ಮೇಲೆ ಹೊತ್ತು ತಂದಿದ್ದರು. ಬಟ್ಟೆ ವಾಪಸು ತೆಗೆದುಕೊಂಡು ಹೋದವಳೂ ಬಂದಿದ್ದಳು, ನನ್ನ ಕಡೆ ಮಾತ್ರ ನೋಡಲಿಲ್ಲ. ಯಾರೂ ಕೂಗಲಿಲ್ಲ. ನೀಲವ್ವ ಗಟ್ಟಿಯಾಗಿ, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎಂದಳು, ನಗು ಅಲೆಯಲೆಯಾಗಿ ಹಿಂದಿನ ತನಕ ಹೋಯಿತು. ನಾನು ಮೆಟ್ಟಿಲಿಳಿದೆ. ಹನ್ನೊಂದು ಹೆಜ್ಜೆ ನಡೆದು ಬಾಗಿಲಲ್ಲಿ ನಿಂತೆ.

"ಹಾಜಿಸಾಬ್, ನೀರು ಬಂದ ದಿನ ಬರ್ರಿ ಅಂದಿದ್ರಿ. ಬಂದೀವಿ," ಎಂದೆ. ಎಲ್ಲರಿಗೂ ಕೇಳಿಸಿತು.

ಇಮಾಮರಾದ ಮೌಲಾನಾ ಇಲಿಯಾಸ್ ಮಿತಭಾಷಿ. ಆರು ವರ್ಷದಿಂದ ಇದ್ದರೂ ಊರಿನ ಪದ್ಧತಿಗೆ ಅಡ್ಡ ಬಂದವರಲ್ಲ. ಅವತ್ತು ಮುಂದೆ ಬಂದು ಹೇಳಿದರು: "ಹಾಜಿಸಾಬ್, ದೇವರ ಮನಿಗೆ ಬರೋ ಹೆಣ್ಣುಮಕ್ಕಳನ್ನ ತಡೀಬ್ಯಾಡ್ರಿ ಅಂತ ಪೈಗಂಬರರು ಹೇಳ್ಯಾರ. ಇದನ್ನ ನಾ ಮೊದಲ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು."

ಹಾಜಿ ಲಾಲಸಾಬರು ಸೋತವರ ಹಾಗೆ ಒಳಗೆ ನೋಡಿದರು. "ಜಾಗ ಎಲ್ಲೈತ್ರಿ ಮೌಲಾನಾ? ಇರೂದು ಜಿನ್ನುಗೋಳ ಸಾಲು ಒಂದಾ. ಅವಕ್ಕ ಸಿಟ್ಟು ಬಂದ್ರ?"

ಆಗ ಹಿಂದಿನಿಂದ ಹೆಂಗಸರು ಎರಡು ಭಾಗವಾಗಿ ದಾರಿ ಬಿಟ್ಟರು. ಇಬ್ಬರು ಸೊಸೆಯಂದಿರ ಹೆಗಲ ಮೇಲೆ ಕೈಯಿಟ್ಟುಕೊಂಡು ಬಡೇಮಾ ಬಂದರು. ನೀರಿನಲ್ಲಿ ಕಾಲಿಟ್ಟು, ಅಂಗಳದ ನಡುವೆ ನಿಂತು, ಮಗನನ್ನು ನೋಡಿದರು. ಊರಿನ ಮುತವಲ್ಲಿಯನ್ನು ಏಕವಚನದಲ್ಲಿ ಕರೆಯುವವರು ಊರಲ್ಲಿ ಅವರೊಬ್ಬರೇ.

"ಲಾಲ್ಯಾ, ಆ ಜಿನ್ನು ನಾನಾ."

ಬಡೇಮಾ ಒಳಗಿನ ಕೊನೆಯ ಚಾಪೆಯ ಕಡೆ ಬೆರಳು ಮಾಡಿದರು.

"ಲಗ್ನಾ ಆಗಿ ಈ ಊರಿಗೆ ಬಂದಾಗಿಂದ ಪ್ರತಿ ಜುಮ್ಮಾಕ್ಕ ಮನಸು ಮಾಡೇನಿ. ನಿಮ್ಮಪ್ಪಗ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಇಷ್ಟ ವರ್ಷ ನನಗ ಚಾಪಿ ಹಾಸೀದಿ, ಲೋಬಾನ ಹಾಕೀದಿ. ಬಂದ್ರ ಬಾಗಲಾ ಮುಚ್ಚತೀ ಏನು?"

ಅರವತ್ತು ದಾಟಿದ ಹಾಜಿ ಲಾಲಸಾಬರು ಮೆಟ್ಟಿಲಿಳಿದು ನೀರಿನಲ್ಲಿ ನಡೆದು ಬಂದು, ಹೌಜಿನ ಅಂಚಿನಲ್ಲಿದ್ದ ತಂಬಿಗೆಯನ್ನು ತುಂಬಿ, ತಾಯಿಯನ್ನು ಕಲ್ಲಿನ ಮೇಲೆ ಕೂರಿಸಿ, ಕೈಗೆ ನೀರು ಹಾಕಿದರು. ಅವರ ಗಡ್ಡದ ಮೇಲೆ ಇಳಿಯುತ್ತಿದ್ದದ್ದು ಹೌಜಿನ ನೀರಲ್ಲ. ಮೌಲಾನಾ ಗಂಡಸರೆಲ್ಲರಿಗೂ ಒಳಗೆ ಹೋಗಿ ಮೆಕ್ಕಾದ ದಿಕ್ಕಾದ ಕಿಬ್ಲಾಕ್ಕೆ ಮುಖ ಮಾಡಿ ಕೂರಲು ಹೇಳಿದರು. ತಾಯಿಯ ಕಾಲಿಗೂ ನೀರು ಹಾಕಿ ಮುಗಿಸಿ ಹಾಜಿ ಲಾಲಸಾಬರೂ ಹೋಗಿ ಕೂತರು. ಅಂಗಳ ನಮ್ಮದಾಯಿತು.

ನಾವು ವಜೂ ಮಾಡಿದೆವು. ಒಂದೊಂದು ತಂಬಿಗೆ, ಒಬ್ಬೊಬ್ಬರು. ನೀರು ತಣ್ಣಗಿತ್ತು, ಸ್ವಲ್ಪ ಕಲ್ಲಿನ ವಾಸನೆ. ಹತ್ತು ಜನ ಮುಗಿಸಿದಾಗ ಮೆಟ್ಟಿಲ ಬಳಿಯ ನೀರು ಹಿಂದೆ ಸರಿಯಿತು. ನೂರು ಜನ ಮುಗಿಸಿದಾಗ ಅಂಗಳದ ಕಲ್ಲು ಕಾಣಿಸಿತು. ಅಷ್ಟರಲ್ಲಿ ದಸ್ತಗೀರ್ ಚಾಚಾ ಬಾಂಗು ಕೂಗಿದರು. ಕೊನೆಯವಳು ತಂಬಿಗೆ ಎತ್ತಿದಾಗ ಹೌಜಿನ ತಳದಲ್ಲಿ ಅವಳಿಗೆ ಬೇಕಾದಷ್ಟೇ ನೀರಿತ್ತು.

ಜಿನ್ನುಗಳ ಸಾಲೊಂದರಲ್ಲೇ ನಾವೆಲ್ಲ ಹಿಡಿಸಲಿಲ್ಲ. ಸಾಲು ಸರಿಮಾಡಿಕೊಳ್ಳಿ, ಭುಜಕ್ಕೆ ಭುಜ ಸೇರಿಸಿ ಎಂದು ಮೌಲಾನಾ ಹೇಳಿದರು. ಗಂಡಸರು ಒತ್ತೊತ್ತಾಗಿ ಮುಂದೆ ಸರಿದರು. ಇಷ್ಟು ವರ್ಷ ಕಾಲು ಚಾಚಿಕೊಂಡು ಕೂರುತ್ತಿದ್ದ ಜಾಗದಲ್ಲಿ ಇನ್ನೂ ಎರಡು ಸಾಲು ಹಿಡಿಸುತ್ತದೆಂದು ಅವತ್ತು ಗೊತ್ತಾಯಿತು. ಉಳಿದವರು ಅಂಗಳದ ಒದ್ದೆ ಕಲ್ಲಿನ ಮೇಲೇ ದುಪಟ್ಟಾ ಹಾಸಿಕೊಂಡು ನಿಂತೆವು. ನನ್ನ ಎಡಕ್ಕೆ ಟೀಚರ್, ಬಲಕ್ಕೆ ಹೆಸರು ಗೊತ್ತಿಲ್ಲದ ಹೊಲದ ಹೆಂಗಸು, ಅವಳ ತೋಳು ನನ್ನ ತೋಳಿಗೆ ಬಿಸಿಯಾಗಿ ತಾಗುತ್ತಿತ್ತು. ಸಜ್ದಾಕ್ಕೆ ಬಾಗಿದೆ. ಹಣೆ ನೆಲಕ್ಕೆ ಹೋಯಿತು, ಮಿಷನ್ನು ಅಡ್ಡ ಬರಲಿಲ್ಲ, ಯಾರೂ ತೋಳು ಬಿಗಿಯಾಗಿದೆ ಎಂದು ಕೂಗಲಿಲ್ಲ. ಮುಂದೆ, ಹಿಂದೆ, ಅಕ್ಕಪಕ್ಕ, ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ಬಾಗಿದ ಸದ್ದು ನೆಲದಿಂದಲೇ ಕೇಳಿಸಿತು. ಏಳಲು ಮನಸ್ಸೇ ಬರಲಿಲ್ಲ. ದೇವರೇ, ನನ್ನ ಎದೆ ಒಡೆದುಹೋಗುವಷ್ಟು ಸಂತೋಷವಾಯಿತು.

ಆ ಶುಕ್ರವಾರವನ್ನು ಊರು ಇನ್ನೂ ಹೇಳಿಕೊಂಡು ತಿರುಗುತ್ತದೆ. ರುದ್ರಯ್ಯ ಎಷ್ಟು ಚಹಾ ಮಾರಿದ, ಯಾರ ಚಪ್ಪಲಿ ಎಲ್ಲಿಯ ತನಕ ತೇಲಿತು, ಬಡೇಮಾ ಏನಂದರು ಎಂದು ಹೇಳುವವರ ಬಾಯಲ್ಲಿ ದಿನಕ್ಕೊಂದು ಸೇರಿಕೊಳ್ಳುತ್ತದೆ. ಹೇಳಲಿ, ಖುಷಿಯ ಸಂಗತಿ. ಆದರೆ ನನ್ನನ್ನು ಕೇಳಿದರೆ ನಾನು ಸೋಮವಾರದ ಕಥೆ ಹೇಳುತ್ತೇನೆ.

ಸೋಮವಾರ ಹೌಜು ಒಣಗಿತ್ತು. ರಸ್ತೆಯಲ್ಲಿ ಜನರಿರಲಿಲ್ಲ. ಮಧ್ಯಾಹ್ನದ ಬಾಂಗು ಆದಾಗ ಒಂದು ಹಸಿರು ಬ್ಲೌಸಿಗೆ ತೋಳು ಹಚ್ಚುತ್ತಿದ್ದೆ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಎದ್ದೆ, ರಸ್ತೆ ದಾಟಿದೆ. ಗೋಡೆಯ ನಲ್ಲಿಯಲ್ಲಿ ವಜೂ ಮಾಡಿದೆ. ಆ ಕೊನೆಯ ಎರಡು ನಲ್ಲಿಗೆ ಹಾಜಿ ಲಾಲಸಾಬರು ಭಾನುವಾರವೇ ಪರದೆ ಕಟ್ಟಿಸಿದ್ದರು. ಒಳಗೆ ಒಂಬತ್ತು ಗಂಡಸರಿದ್ದರು, ಹಿಂದೆ ನಾನು ಮತ್ತು ಟೀಚರ್. ಯಾರೂ ತಿರುಗಿ ನೋಡಲಿಲ್ಲ. ಒಣಮೌಲಾಲಿ ಆಕಳಿಸಿದ. ನಮಾಜು ಮುಗಿಸಿ ಹೊರಗೆ ಬಂದೆ.

ಅಂಗಡಿಯ ಸ್ಟೂಲಿನ ಮೇಲೆ ಗಿರಾಕಿಯೊಬ್ಬಳು ಬಟ್ಟೆಯ ಚೀಲ ಹಿಡಿದು ಕೂತಿದ್ದಳು. ಪರವೂರಿನವಳು, ಮೊದಲ ಸಲ ಬಂದವಳು. "ಅಂಗಡಿ ತೆರದಿಟ್ಟು ಎಲ್ಲಿ ಹೋಗಿದ್ರಿ?" ಎಂದಳು.

"ಮಸೂತಿಗೆ ಹೋಗಿದ್ದೆ, ನಮಾಜಿಗೆ."

"ಹೌದ್ರಿ?" ಎಂದು ಅವಳು ಬ್ಲೌಸಿನ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹರಡಿ, ಕುತ್ತಿಗೆ ಹಿಂದೆ ಎಷ್ಟು ಇಳಿಸಬೇಕೆಂದು ಹೇಳತೊಡಗಿದಳು. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಿರಲಿಲ್ಲ. ಅದನ್ನು ನೋಡಿ ನನ್ನ ಕಣ್ಣು ಎಷ್ಟು ತುಂಬಿ ಬಂತೆಂದರೆ, ಟೇಪಿನ ಮೇಲಿನ ಅಂಕಿ ಕಾಣದೆ ಅವಳ ಅಳತೆಯನ್ನು ಮೂರು ಸಲ ತೆಗೆದುಕೊಳ್ಳಬೇಕಾಯಿತು.